ವಾದಕ್ಕೆ ಬಗ್ಗದವರು

ಊರಿನ ವಾಟ್ಸಾಪ್ ಗುಂಪಿನಲ್ಲಿ ಧರ್ಮದ ಬಗ್ಗೆ ವಾದ ಹತ್ತಿಕೊಂಡರೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ರಾತ್ರಿ ಊಟ ಮುಗಿದ ಮೇಲೆ ಒಬ್ಬರು ಒಂದು ವಿಡಿಯೊ ಹಾಕುತ್ತಾರೆ. ಇನ್ನೊಬ್ಬರು ಅದಕ್ಕೆ ಬೈಬಲಿನ ಅಧ್ಯಾಯ, ವಚನದ ಸಂಖ್ಯೆ ಹಾಕುತ್ತಾರೆ. ಮೂರನೆಯವರು ನಗುವ ಮುಖದ ಚಿತ್ರ ಹಾಕುತ್ತಾರೆ. ಹನ್ನೊಂದು ಗಂಟೆಯ ಹೊತ್ತಿಗೆ ಯಾರೋ ಯಾರದೋ ಅಪ್ಪನ ಹೆಸರು ಎತ್ತಿರುತ್ತಾರೆ. ಬೆಳಿಗ್ಗೆ ಡೇರಿಗೆ ಹಾಲು ತಂದಾಗ ಅದೇ ಇಬ್ಬರು ಮುಖ ತಿರುಗಿಸಿಕೊಂಡು ಕ್ಯಾನಿನ ಹಿಂದೆ ನಿಂತಿರುತ್ತಾರೆ.

ನಮ್ಮದು ರೇಷ್ಮೆ ಬೆಳೆಯುವ ಕಡೆಯ ಊರು. ಕ್ರೈಸ್ತರ ಮನೆಗಳೂ ಇವೆ, ಬೇರೆಯವರ ಮನೆಗಳೂ ಇವೆ. ನಾವು ಕಥೋಲಿಕರು. ವಾದ ನಡೆಯುವುದು ಬೇರೆ ಧರ್ಮದವರ ಜೊತೆ ಮಾತ್ರ ಎಂದುಕೊಳ್ಳಬೇಡಿ. ಹೆಚ್ಚಿನ ವಾದ ನಮ್ಮ ನಮ್ಮಲ್ಲೇ. ಗುಡಿಗೆ ಬರುವವರು ಬಾರದವರ ಮೇಲೆ, ಹೊಸ ಪ್ರಾರ್ಥನಾ ಕೂಟಕ್ಕೆ ಸೇರಿದವರು ಹಳೆಯ ಗುಡಿಯವರ ಮೇಲೆ, ಕುಡಿತ ಬಿಟ್ಟವರು ಬಿಡದವರ ಮೇಲೆ. ಇಷ್ಟು ವರ್ಷದಲ್ಲಿ ಇಂಥ ವಾದ ಕೇಳಿ 'ನೀನು ಹೇಳಿದ್ದು ಸರಿ, ನಾಳೆಯಿಂದ ಬರುತ್ತೇನೆ' ಎಂದು ಎದ್ದು ಬಂದವರನ್ನು ನಾವು ಒಬ್ಬರನ್ನೂ ನೋಡಿಲ್ಲ. ಬಾಯಿ ಮುಚ್ಚಿಕೊಂಡು ಹೋದವರನ್ನು ನೋಡಿದ್ದೇವೆ. ಅವರು ಮತ್ತೆ ನಮ್ಮ ಬೀದಿಗೆ ಬರುವುದಿಲ್ಲ, ಅಷ್ಟೇ.

ಇದು ಹೊಸ ಸಂಗತಿಯೇನಲ್ಲ. ಸಾವಿರದ ಆರುನೂರು ವರ್ಷಕ್ಕೂ ಹಿಂದೆ ಒಬ್ಬ ತಾಯಿಗೆ ಇದೇ ಕಷ್ಟ ಬಂದಿತ್ತು. ಸಂತ ಮೋನಿಕಾ ಎಂದರೆ ಕಥೋಲಿಕರ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆಗಸ್ಟ್ 27ಕ್ಕೆ ಅವಳ ಹಬ್ಬ, ಮರುದಿನ 28ಕ್ಕೆ ಅವಳ ಮಗ ಸಂತ ಅಗಸ್ಟೀನನ ಹಬ್ಬ. ಮಗನಿಗಾಗಿ ಅತ್ತ ತಾಯಿ ಎಂದು ಪ್ರಸಂಗದಲ್ಲಿ ಪ್ರತಿ ವರ್ಷ ಕೇಳುತ್ತೇವೆ. ಆದರೆ ಅವಳು ಅತ್ತದ್ದಕ್ಕಿಂತ ದೊಡ್ಡ ಕತೆ ಅಲ್ಲಿದೆ. ಮಗನೇ ಕ್ರಿ.ಶ. 400ರ ಸುಮಾರಿಗೆ ಲ್ಯಾಟಿನ್ ಭಾಷೆಯಲ್ಲಿ 'ಕನ್ಫೆಷನ್ಸ್' ಎಂಬ ಪುಸ್ತಕದಲ್ಲಿ ಅದನ್ನು ಬರೆದಿಟ್ಟಿದ್ದಾನೆ.

ಅಗಸ್ಟೀನ ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ. ಈಗ ಅದು ಅಲ್ಜೀರಿಯಾ ದೇಶದಲ್ಲಿದೆ. ಅಪ್ಪ ಪೆಟ್ರೀಷಿಯಸ್, ಸ್ವಲ್ಪ ಜಮೀನು ಇದ್ದವನು, ಕ್ರೈಸ್ತನಲ್ಲ. ಮಗ ಬುದ್ಧಿವಂತ. ಸಾಲ ಸೋಲ ಮಾಡಿಯಾದರೂ ಓದಿಸಬೇಕು ಎಂಬ ಹಟ ಅಪ್ಪನಿಗೆ. ಈ ಅಪ್ಪ ನಮ್ಮೂರಲ್ಲಿ ಮನೆಗೊಬ್ಬ ಇದ್ದಾನೆ. ಕಾರ್ಥೇಜ್ ಎಂಬ ದೊಡ್ಡ ಪಟ್ಟಣಕ್ಕೆ ಹೋದ ಹುಡುಗ ಅಲ್ಲಿ ಮಾತಿನ ವಿದ್ಯೆ ಕಲಿತ. ಮದುವೆಯಿಲ್ಲದೆ ಒಬ್ಬಳ ಜೊತೆ ಸಂಸಾರ ಮಾಡಿದ, ಒಂದು ಗಂಡು ಮಗುವೂ ಆಯಿತು. ಪರ್ಷಿಯಾದ ಮಾನಿ ಎಂಬವನು ಕಟ್ಟಿದ ಪಂಥಕ್ಕೆ ಸೇರಿದ. ಜಗತ್ತಿನಲ್ಲಿ ಬೆಳಕು, ಕತ್ತಲೆ ಎಂಬ ಎರಡು ಶಕ್ತಿಗಳು ಕಾದಾಡುತ್ತಿವೆ ಎನ್ನುವ ಪಂಥ ಅದು. ಸುಮಾರು 9 ವರ್ಷ ಅದರಲ್ಲೇ ಇದ್ದ.

ಇಲ್ಲಿ ನಮಗೆ ಆಸಕ್ತಿ ಹುಟ್ಟಿಸುವ ವಿಷಯ ಎಂದರೆ, ಈ ಹುಡುಗನ ಕಸುಬೇ ವಾದ. ಮಾತನಾಡುವುದನ್ನು ಕಲಿಸಿ ಸಂಬಳ ತೆಗೆದುಕೊಳ್ಳುತ್ತಿದ್ದವನು. ಊರಿನ ಸಾಧಾರಣ ಕ್ರೈಸ್ತರು ತಮಗೆ ತಿಳಿದಷ್ಟು ಹೇಳಿ ಇವನನ್ನು ತಿದ್ದಲು ಬಂದರೆ ಇವನು ಅವರನ್ನು ನಾಲ್ಕು ಪ್ರಶ್ನೆಯಲ್ಲಿ ಮಲಗಿಸಿಬಿಡುತ್ತಿದ್ದ. ಹಾಗೆ ಗೆಲ್ಲುತ್ತ ಹೋದದ್ದೇ ತನ್ನನ್ನು ಇನ್ನಷ್ಟು ಗಟ್ಟಿ ಮಾಡಿತು, ಆ ಗೆಲುವು ತನಗೇ ಕೆಡುಕಾಯಿತು ಎಂದು ಮುಂದೆ ಅವನೇ ಬರೆದುಕೊಂಡಿದ್ದಾನೆ.

ಮೋನಿಕಾ ಮೊದಲು ಎಲ್ಲ ತಾಯಂದಿರು ಮಾಡುವುದನ್ನೇ ಮಾಡಿದಳು. ಮಗನನ್ನು ಮನೆಗೆ ಸೇರಿಸಲಿಲ್ಲ. ಒಂದೇ ಊಟದ ಮೇಜಿನಲ್ಲಿ ಕೂರಿಸಲಿಲ್ಲ. ಆಮೇಲೆ ಅವಳಿಗೊಂದು ಕನಸು ಬಿತ್ತು. ಅವಳು ಒಂದು ಮರದ ಪಟ್ಟಿಯ ಮೇಲೆ ನಿಂತು ಅಳುತ್ತಿದ್ದಾಳೆ, ಹೊಳೆಯುವ ಯುವಕನೊಬ್ಬ ಬಂದು ನೋಡು ಎನ್ನುತ್ತಾನೆ, ತಿರುಗಿ ನೋಡಿದರೆ ಅದೇ ಪಟ್ಟಿಯ ಮೇಲೆ ಪಕ್ಕದಲ್ಲೇ ಮಗ ನಿಂತಿದ್ದಾನೆ. ಅವಳು ಇದನ್ನು ಮಗನಿಗೆ ಹೇಳಿದಾಗ ವಾದದ ಮೇಷ್ಟ್ರು ಸುಮ್ಮನಿರುತ್ತಾನೆಯೇ? ನೀನೇ ನನ್ನ ಕಡೆ ಬರುತ್ತೀಯ ಎಂದು ಅದರ ಅರ್ಥ ಎಂದ. ತಾಯಿ ತಡಮಾಡದೆ, ಹಾಗಲ್ಲ, ಅವನಿರುವ ಕಡೆ ನೀನು ಎಂದು ಕನಸಿನಲ್ಲಿ ಹೇಳಲಿಲ್ಲ, ನೀನಿರುವ ಕಡೆ ಅವನು ಎಂದೇ ಹೇಳಿದ್ದು ಎಂದಳು. ಆ ಕನಸಿಗಿಂತ ಅಮ್ಮನ ಆ ಉತ್ತರವೇ ತನಗೆ ಹೆಚ್ಚು ನಾಟಿತು ಎನ್ನುತ್ತಾನೆ ಮಗ. ಅಂತೂ ಆ ಕನಸಿನ ನಂತರ ಮೋನಿಕಾ ಮಗನನ್ನು ಮನೆಯೊಳಕ್ಕೆ, ಊಟಕ್ಕೆ ಸೇರಿಸಿಕೊಂಡಳು. ಮಗ ಬದಲಾದ ಮೇಲೆ ಅಲ್ಲ, ಬದಲಾಗುವ ಎಷ್ಟೋ ವರ್ಷ ಮೊದಲೇ ಅನ್ನ ಹಾಕಿದಳು. ಇದನ್ನು ನಾವು ಪ್ರಸಂಗದಲ್ಲಿ ಹೆಚ್ಚಾಗಿ ಕೇಳಿಲ್ಲ.

ಆದರೂ ತಾಯಿಯ ಮನಸ್ಸು ತಡೆಯಲಿಲ್ಲ. ಒಬ್ಬ ಬಿಷಪರ ಹತ್ತಿರ ಹೋಗಿ ನನ್ನ ಮಗನ ಜೊತೆ ನೀವು ಮಾತನಾಡಿ, ಅವನ ತಪ್ಪುಗಳನ್ನು ತೋರಿಸಿಕೊಡಿ ಎಂದು ಬೇಡಿಕೊಂಡಳು. ಆ ಬಿಷಪರು ಚಿಕ್ಕಂದಿನಲ್ಲಿ ಅದೇ ಮಾನಿ ಪಂಥದಲ್ಲಿ ಬೆಳೆದವರು, ಅವರ ಪುಸ್ತಕಗಳನ್ನೆಲ್ಲ ಓದಿದವರು. ವಾದ ಮಾಡಲು ಅವರಿಗಿಂತ ಯೋಗ್ಯರು ಇರಲಿಲ್ಲ. ಅವರು ಒಪ್ಪಲಿಲ್ಲ! ಅವನಿಗೆ ಈಗ ಹೊಸ ಹುಮ್ಮಸ್ಸು, ಕಲಿಯುವ ಸ್ಥಿತಿಯಲ್ಲಿಲ್ಲ, ಬಿಟ್ಟುಬಿಡು, ದೇವರಲ್ಲಿ ಪ್ರಾರ್ಥಿಸು, ಓದುತ್ತ ಓದುತ್ತ ತಾನೇ ಕಂಡುಕೊಳ್ಳುತ್ತಾನೆ ಎಂದರು. ತಾವೂ ಹಾಗೆಯೇ, ಯಾರೂ ವಾದ ಮಾಡದೆ ಹೊರಬಂದದ್ದು ಎಂದರು. ಅವಳು ಮತ್ತೂ ಅತ್ತು ಕಾಡಿದಾಗ ಸ್ವಲ್ಪ ಬೇಸರದಿಂದಲೇ ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಎಂಬ ಅರ್ಥದ ಮಾತು ಹೇಳಿ ಕಳಿಸಿದರು. ಆ ಬಿಷಪರ ಹೆಸರನ್ನು ಅಗಸ್ಟೀನ ಬರೆದಿಲ್ಲ. ವಾದ ಮಾಡಲು ಬಲ್ಲ ಮನುಷ್ಯ ಬೇಡ ಎಂದು ಸುಮ್ಮನಾಗುವುದು ಎಷ್ಟು ಕಷ್ಟ ಎಂದು ವಾಟ್ಸಾಪ್ ನೋಡುವವರಿಗೆಲ್ಲ ಗೊತ್ತು.

383ರಲ್ಲಿ ಮಗ ತಾಯಿಗೆ ಸುಳ್ಳು ಹೇಳಿ ಹಡಗು ಹತ್ತಿದ. ಸ್ನೇಹಿತನನ್ನು ಬೀಳ್ಕೊಡುತ್ತೇನೆ ಎಂದು ಹೇಳಿ ಅವಳನ್ನು ಸಮುದ್ರದ ಪಕ್ಕದ ಒಂದು ಪ್ರಾರ್ಥನಾಲಯದಲ್ಲಿ ಬಿಟ್ಟು ರಾತ್ರೋರಾತ್ರಿ ರೋಮಿಗೆ ಹೊರಟುಹೋದ. ಅವಳು ಬೆಳಿಗ್ಗೆ ದಡದಲ್ಲಿ ನಿಂತು ಅತ್ತಳು. ಆಮೇಲೆ ಸಮುದ್ರ ದಾಟಿ ಹಿಂದೆಯೇ ಹೋದಳು, ಇಟಲಿಯ ಮಿಲಾನ್ ನಗರದವರೆಗೆ. ಅಲ್ಲಿ ಅಗಸ್ಟೀನನಿಗೆ ಸಿಕ್ಕವರು ಬಿಷಪ್ ಆಂಬ್ರೋಸ್. ಇವನು ಗುಡಿಗೆ ಹೋದದ್ದು ದೇವರ ಮಾತು ಕೇಳಲು ಅಲ್ಲ, ಆಂಬ್ರೋಸರ ಭಾಷಣ ನಿಜವಾಗಿಯೂ ಅಷ್ಟು ಚೆನ್ನಾಗಿದೆಯೇ ಎಂದು ಪರೀಕ್ಷಿಸಲು. ಪರದೇಶದಿಂದ ಬಂದ ಈ ಹುಡುಗನನ್ನು ಆಂಬ್ರೋಸ್ ತಂದೆಯ ಹಾಗೆ ಬರಮಾಡಿಕೊಂಡರು. ತಾನು ಮೊದಲು ಅವರನ್ನು ಪ್ರೀತಿಸಿದ್ದು ಸತ್ಯ ಕಲಿಸುವ ಗುರು ಎಂದಲ್ಲ, ತನ್ನ ಮೇಲೆ ಕರುಣೆ ತೋರಿದ ಮನುಷ್ಯ ಎಂದು, ಎಂದು ಅಗಸ್ಟೀನ ಒಪ್ಪಿಕೊಳ್ಳುತ್ತಾನೆ. ಸತ್ಯದ ಮಾತು ಕಿವಿಗೆ ಬಿದ್ದದ್ದು ಆಮೇಲೆ. ಆಂಬ್ರೋಸರ ಪ್ರಸಂಗಗಳು ಅವನ ಎಷ್ಟೋ ಪ್ರಶ್ನೆಗಳನ್ನು ಬಿಡಿಸಿದವು ಎಂಬುದೂ ನಿಜವೇ. ಬುದ್ಧಿಗೆ ಬುದ್ಧಿಯ ಉತ್ತರ ಬೇಡ ಎಂದು ನಾವು ಹೇಳುತ್ತಿಲ್ಲ. ಬಾಗಿಲು ತೆರೆದಿರುವ ಮನೆಯೊಳಗೆ ಮಾತ್ರ ಅದು ಹೋಗುತ್ತದೆ.

387ರ ಈಸ್ಟರ್ ರಾತ್ರಿ ಅಗಸ್ಟೀನ ತನ್ನ ಮಗನ ಜೊತೆ ದೀಕ್ಷಾಸ್ನಾನ ಪಡೆದ. ಅದೇ ವರ್ಷ ಊರಿಗೆ ಹಿಂತಿರುಗುವ ದಾರಿಯಲ್ಲಿ, ರೋಮಿನ ಬಂದರು ಊರು ಓಸ್ಟಿಯಾದಲ್ಲಿ, 56ನೇ ವಯಸ್ಸಿಗೆ ಮೋನಿಕಾ ತೀರಿಕೊಂಡಳು. ಅವಳಿಗೆ ಆ ಸಂತೋಷ ಅನುಭವಿಸಲು ಸಿಕ್ಕಿದ್ದು ಕೆಲವು ತಿಂಗಳು ಮಾತ್ರ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಇದೇ ಅಗಸ್ಟೀನ ಮುಂದೆ ಬಿಷಪನಾದ ಮೇಲೆ, ಸಭೆಯಿಂದ ಬೇರೆಯಾಗಿದ್ದ ಡೊನಾಟಿಸ್ಟರು ಎಂಬ ಕ್ರೈಸ್ತರನ್ನು ಸರ್ಕಾರದ ಕಾನೂನಿನ ಬಲದಿಂದ ಹಿಂದಕ್ಕೆ ತರುವುದು ಸರಿ ಎಂದು ಒಪ್ಪಿದ. ಕಾನೂನಿನ ಕೋಲಿನಿಂದ ತಾನು ಬಂದವನಲ್ಲ ಎಂಬುದು ಅವನಿಗೆ ನೆನಪಿತ್ತೋ ಇಲ್ಲವೋ. ಸಂತರ ಬಗ್ಗೆ ಹೀಗೆ ಬರೆಯಬಹುದೇ ಎಂದು ಯಾರಾದರೂ ಕೇಳಿದರೆ, ಬರೆಯಬಹುದು ಎಂದೇ ನಮ್ಮ ಉತ್ತರ.

ಮೋನಿಕಾಳ ಸಂಸಾರದ ಕತೆಯೂ ಸ್ವಲ್ಪ ಹೇಳಬೇಕು. ಅತ್ತೆಗೆ ಮನೆಯ ಆಳುಗಳು ಸೊಸೆಯ ಮೇಲೆ ಚಾಡಿ ಹೇಳಿದ್ದರು, ಅತ್ತೆ ಮುನಿದಿದ್ದಳು. ಸೊಸೆ ಎದುರು ನಿಂತು ಸಮಜಾಯಿಷಿ ಕೊಡಲಿಲ್ಲ, ಗೌರವ, ತಾಳ್ಮೆ, ಸೇವೆ ಬಿಡಲೂ ಇಲ್ಲ. ಕೊನೆಗೆ ಅತ್ತೆಯೇ ಚಾಡಿಕೋರರ ವಿರುದ್ಧ ತಿರುಗಿದಳು. ಗಂಡ ಪೆಟ್ರೀಷಿಯಸ್ ಮಹಾ ಮುಂಗೋಪಿ. ಸಿಟ್ಟು ಏರಿದಾಗ ಅವಳು ಎದುರಾಡುತ್ತಿರಲಿಲ್ಲ, ತಣ್ಣಗಾದ ಮೇಲೆ ತನ್ನ ಕಡೆಯ ಮಾತು ಹೇಳುತ್ತಿದ್ದಳು. ಬದುಕಿನ ಕೊನೆಗಾಲದಲ್ಲಿ ಅವನೂ ಕ್ರೈಸ್ತನಾದ.

ಇದನ್ನು ಓದುವಾಗ ನಮ್ಮ ಮನೆಯ ಹೆಂಗಸರು ಒಂದು ಕಡೆ ತಡೆದು ನಿಲ್ಲಿಸಿದರು. ಗಂಡಂದಿರ ಏಟಿನ ಗುರುತು ಮುಖದ ಮೇಲೆ ಹೊತ್ತ ಅಕ್ಕಪಕ್ಕದ ಹೆಂಗಸರಿಗೆ ಮೋನಿಕಾ, ನಾವು ಗಂಡನ ಸೇವಕಿಯರು ಎಂದು ನೆನಪಿಟ್ಟುಕೊಳ್ಳಿ, ಎದುರಾಡಬೇಡಿ ಎನ್ನುತ್ತಿದ್ದಳಂತೆ. ಇದನ್ನು ನಾವು ಒಪ್ಪುವುದಿಲ್ಲ. ಹೊಡೆತ ತಿನ್ನುವುದಕ್ಕೆ ತಾಳ್ಮೆಯ ಪ್ರೀತಿ ಎಂದು ಹೆಸರಿಡುವವರು ನಮ್ಮ ಗುಡಿಗಳಲ್ಲೂ ಇದ್ದಾರೆ. ಹೊಡೆಯುವ ಗಂಡ ಮನೆಯಲ್ಲಿದ್ದರೆ 181ಕ್ಕೆ ಫೋನ್ ಮಾಡಿ, ತುರ್ತಿದ್ದರೆ 112ಕ್ಕೆ. ಅವನಿಗಾಗಿ ಪ್ರಾರ್ಥನೆಯನ್ನು ದೂರದಲ್ಲಿ ಕ್ಷೇಮವಾಗಿ ಕುಳಿತೂ ಮಾಡಬಹುದು.

ಸಿಟ್ಟು ತಣಿಯುವವರೆಗೆ ಕಾಯುವ ಮಾತು ಬಂದಾಗ ಅಮ್ಮ, 'ಹುಳ ಜ್ವರಕ್ಕೆ ಹೋದಾಗ ಸೊಪ್ಪು ಹಾಕ್ತಾರಾ?' ಎಂದರು. ರೇಷ್ಮೆ ಸಾಕದ ಊರಿನವರಿಗಾಗಿ ಹೇಳುತ್ತೇವೆ. ರೇಷ್ಮೆ ಹುಳು ಬೆಳೆಯುವಾಗ 4 ಸಲ ಪೊರೆ ಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರದಲ್ಲಿರುವ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ, ಏನೂ ತಿನ್ನುವುದಿಲ್ಲ. ಎಂಥ ಒಳ್ಳೆಯ ಹಿಪ್ಪುನೇರಳೆ ಸೊಪ್ಪು ಹಾಕಿದರೂ ದಂಡ, ಬದಲಿಗೆ ಹಾಸಿಗೆ ಒದ್ದೆಯಾಗಿ ರೋಗ ಬರುತ್ತದೆ. ಆಗ ಮಾಡುವ ಕೆಲಸ ಎಂದರೆ ಹಾಸಿಗೆ ಒಣಗಿರುವಂತೆ, ಗಾಳಿ ಆಡುವಂತೆ ನೋಡಿಕೊಳ್ಳುವುದು, ಕಾಯುವುದು. ಕಾಯುವುದು ಎಂದರೆ ಮಲಗುವುದಲ್ಲ. ಹುಳುಮನೆ ಬಿಟ್ಟು ಯಾರೂ ಮದುವೆಗೆ ಕೂಡ ಹೋಗುವುದಿಲ್ಲ. ಜ್ವರ ಬಿಟ್ಟ ಮೇಲೆ ಅದೇ ಹುಳು ಹೇಗೆ ತಿನ್ನುತ್ತದೆ ಎಂದರೆ, ನಾಲ್ಕನೇ ಜ್ವರ ಕಳೆದ ಮೇಲಂತೂ ಸೊಪ್ಪು ಮೇಯುವ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತದೆ.

ಅಮ್ಮ ಈ ಮಾತು ಹೇಳಿದ್ದು ಮೋನಿಕಾಳನ್ನು ನೆನೆದು ಮಾತ್ರ ಅಲ್ಲ. ನಮ್ಮ ಚಿಕ್ಕಪ್ಪನನ್ನು ನೆನೆದು.

ಚಿಕ್ಕಪ್ಪ ಗುಡಿ ಬಿಟ್ಟು ಹನ್ನೊಂದು ವರ್ಷವಾಯಿತು. ಮೊದಲು ಹಬ್ಬದ ಹಾಡಿಗೆ ಹಾರ್ಮೋನಿಯಂ ಹಿಡಿಯುತ್ತಿದ್ದವರು ಅವರೇ. ಒಂದು ವರ್ಷ ಗೂಡಿನ ಬೆಲೆ ಬಿದ್ದು, ಬೆಳೆಯೂ ಕೈಕೊಟ್ಟು ಗುಡಿಯ ಚಂದಾ ಕೊಡಲಾಗಲಿಲ್ಲ. ಊರ ಹಿರಿಯರೊಬ್ಬರು ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೆದುರಿಗೆ ಬಾಕಿ ಉಳಿಸಿಕೊಂಡವರ ಹೆಸರು ಓದಿದರು. ಚಿಕ್ಕಪ್ಪನ ಹೆಸರು ಓದುವಾಗ ಒಂದು ಕುಹಕದ ಮಾತನ್ನೂ ಸೇರಿಸಿದರು. ಚಿಕ್ಕಪ್ಪ ಎದ್ದು ಹೋದವರು ಮತ್ತೆ ಬರಲಿಲ್ಲ. ಸ್ವಾಮಿಗಳು ಆಮೇಲೆ ಮನೆಗೆ ಹೋದರು, ಬಾಗಿಲು ತೆಗೆಯಲಿಲ್ಲ. ಆ ಗುಡಿಯಲ್ಲಿ ಕೂತು ಆ ಮಾತು ಕೇಳಿಸಿಕೊಂಡವರು ಎಂದು ನಮ್ಮ ಮನೆಯ ಜೊತೆಗೂ ಮಾತು ಬಿಟ್ಟರು. ನಡುವೆ ಒಂದು ಬದು ಮಾತ್ರ, ಆ ಕಡೆ ಅವರ ಹಿಪ್ಪುನೇರಳೆ, ಈ ಕಡೆ ನಮ್ಮದು.

ವಾದ ಮಾಡಲು ಬಂದವರಿಗೆ ಬರವಿರಲಿಲ್ಲ. ಧ್ಯಾನಕೂಟಕ್ಕೆ ಹೋಗಿ ಬಂದ ಸಂಬಂಧಿಕರೊಬ್ಬರು ಬೈಬಲಿಗೆ ಬಣ್ಣದ ಗೆರೆ ಎಳೆದುಕೊಂಡು ಬಂದರು. ಯುವಕರ ತಂಡವೊಂದು ಬಂದು ನರಕದ ಬಗ್ಗೆ ಹೇಳಿತು. ಚಿಕ್ಕಪ್ಪ ಪಿಯುಸಿ ಓದಿದವರು, ದಿನಾ ಪೇಪರು ಓದುವವರು, ಬೈಬಲೂ ಅವರಿಗೆ ಬಾಯಿಪಾಠ. ವಿಧವೆಯ ಎರಡು ಕಾಸಿನ ಕತೆಯಲ್ಲಿ ಯೇಸು ಯಾರನ್ನು ಹೊಗಳಿದ, ನೀವು ಯಾರ ಹೆಸರನ್ನು ಗೋಡೆಯ ಮೇಲೆ ಕೆತ್ತಿಸುತ್ತೀರಿ ಎಂದು ಅವರು ಕೇಳಿದರೆ ಬಂದವರ ಹತ್ತಿರ ಉತ್ತರವಿರಲಿಲ್ಲ. ಬಂದವರೆಲ್ಲ ಸೋತು ಹೋದರು. ಪ್ರತಿ ಸಲ ಗೆದ್ದಾಗಲೂ ಚಿಕ್ಕಪ್ಪ ಗುಡಿಯಿಂದ ಇನ್ನೊಂದು ಹೆಜ್ಜೆ ದೂರ ಹೋದರು.

ಅಜ್ಜಿ ಈ ಯಾವುದಕ್ಕೂ ಸೇರಲಿಲ್ಲ. ಅವರು ಮಾಡಿದ್ದು ಇಷ್ಟೇ. ಮನೆಯಲ್ಲಿ ಏನು ವಿಶೇಷ ಮಾಡಿದರೂ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಬದು ದಾಟಿ ಹೋಗಿ ಚಿಕ್ಕಪ್ಪನ ಜಗುಲಿಯ ಮೇಲೆ ಇಟ್ಟು ಬರುವುದು. ಕ್ರಿಸ್ಮಸ್ಸಿಗೆ ಕಜ್ಜಾಯ, ಈಸ್ಟರಿಗೆ ಕೋಳಿಸಾರು, ಅವರೆ ಕಾಲದಲ್ಲಿ ಹಿತಕಿದ ಬೇಳೆ. ಮೊದಲ ವರ್ಷ ಡಬ್ಬಿ ಮುಚ್ಚಳ ತೆಗೆಯದೆ ಹಾಗೆಯೇ ವಾಪಸ್ ಬಂತು, ಆರು ಸಲವೋ ಏಳು ಸಲವೋ. ಎರಡನೇ ವರ್ಷ ಡಬ್ಬಿ ಖಾಲಿಯಾಗಿ ಬಂತು, ತೊಳೆಯದೆ. ಆಮೇಲೆ ತೊಳೆದು ಬರತೊಡಗಿತು. ಯಾವಾಗಿನಿಂದ ತೊಳೆದು ಬಂತು ಎಂಬುದು ಅಮ್ಮನಿಗೆ ಲೆಕ್ಕವಿದೆ, ನಮಗಿಲ್ಲ.

ಒಂದು ಸಲ ಚಿಕ್ಕಪ್ಪ ಜಗುಲಿಯ ಮೇಲೇ ಇದ್ದರಂತೆ. 'ಯಾಕವ್ವ ಇದೆಲ್ಲ? ಕಡುಬು ತಿನ್ನಿಸಿ ಗುಡಿಗೆ ಎಳ್ಕೊಂಡ್ ಹೋಗಾಕಾ?' ಎಂದು ಕೇಳಿದರಂತೆ. 'ಕಡುಬು ಜಾಸ್ತಿ ಆಗಿತ್ತು ಕಣ್ಲಾ' ಎಂದು ಹೇಳಿ ಅಜ್ಜಿ ತಿರುಗಿ ಬಂದರು.

ಆ ಪ್ರಶ್ನೆ ಸಣ್ಣದಲ್ಲ. ಕ್ರೈಸ್ತರು ತೋರಿಸುವ ಪ್ರೀತಿಯನ್ನು ಈಗ ಊರಲ್ಲಿ ಹೊರಗಿನವರು ಕೂಡ ಇದೇ ಪ್ರಶ್ನೆಯಿಂದ ಅಳೆಯುತ್ತಾರೆ. ಅನ್ನ ಹಾಕಿದರೆ ಗಾಳ, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಗಾಳ. ಕೇಳುವವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಗಾಳ ಹೌದೋ ಅಲ್ಲವೋ ಎಂದು ತಿಳಿಯಲು ನಮ್ಮ ಮಟ್ಟಿಗೆ ಒಂದೇ ದಾರಿ ಕಾಣುತ್ತದೆ. ಮೀನು ಕಚ್ಚದಿದ್ದರೆ ಗಾಳದವನು ಎದ್ದು ಬೇರೆ ಕೆರೆಗೆ ಹೋಗುತ್ತಾನೆ. ಅಜ್ಜಿ ಹೋಗಲಿಲ್ಲ. ಚಿಕ್ಕಪ್ಪ ಎಂದೂ ಗುಡಿಗೆ ಬರುವುದಿಲ್ಲ ಎಂದು ದೇವದೂತ ಬಂದು ಹೇಳಿದ್ದರೂ ಮುಂದಿನ ಕ್ರಿಸ್ಮಸ್ಸಿಗೆ ಕಜ್ಜಾಯ ಹೋಗುತ್ತಿತ್ತು.

ಇಷ್ಟು ಓದಿದವರು, ಕಜ್ಜಾಯದ ಮಾತು ಸುಲಭ, ಜೀವ ಹೋಗುವಂಥ ನೋವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಬಹುದು. ನಮಗೂ ಹಾಗೆಯೇ ಅನ್ನಿಸಿತು. ಅದಕ್ಕೆ ನಮ್ಮ ದೇಶದಲ್ಲೇ, ನಮ್ಮ ಕಾಲದಲ್ಲೇ ನಡೆದ ಒಂದು ಘಟನೆ ಇದೆ.

ಸಿಸ್ಟರ್ ರಾಣಿ ಮರಿಯಾ ಹುಟ್ಟಿದ್ದು 1954ರಲ್ಲಿ, ಕೇರಳದ ಎರ್ನಾಕುಳಂ ಜಿಲ್ಲೆಯ ಪುಲ್ಲುವಳಿ ಎಂಬ ಹಳ್ಳಿಯಲ್ಲಿ. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಗೆ ಸೇರಿ ಉತ್ತರ ಭಾರತಕ್ಕೆ ಹೋದರು. 1992ರಿಂದ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರದಲ್ಲಿದ್ದರು. ಅಲ್ಲಿ ಜಮೀನಿಲ್ಲದ ಕೂಲಿಗಳು, ಬುಡಕಟ್ಟಿನ ಜನ ಸಾಹುಕಾರರ ಬಡ್ಡಿಯಲ್ಲಿ ಸಿಕ್ಕಿಬಿದ್ದಿದ್ದರು. ಬ್ಯಾಂಕಿನಲ್ಲಿ ಸಾಲ ಕೇಳುವುದು ಹೇಗೆ, ಸರ್ಕಾರದ ಯೋಜನೆಗಳಲ್ಲಿ ತಮಗೆ ಬರಬೇಕಾದ್ದು ಏನು, ಸೇರಿ ಉಳಿತಾಯ ಮಾಡುವುದು ಹೇಗೆ ಎಂದು ಇವರು ಕಲಿಸಿದರು. ಜನ ಬಡ್ಡಿಯಿಂದ ಬಿಡಿಸಿಕೊಳ್ಳತೊಡಗಿದರೆ ಬಡ್ಡಿ ತಿನ್ನುವವರಿಗೆ ಹೊಟ್ಟೆ ಉರಿಯುತ್ತದೆ. 1995ರ ಫೆಬ್ರವರಿ 25ರಂದು ಇಂದೋರ್ ಕಡೆ ಹೋಗುವ ಬಸ್ಸಿನಲ್ಲಿ, ಪ್ರಯಾಣಿಕರೆಲ್ಲ ನೋಡುತ್ತಿರುವಾಗಲೇ, ಸಮಂದರ್ ಸಿಂಗ್ ಎಂಬ ಯುವಕ ಅವರನ್ನು ಚಾಕುವಿನಿಂದ ಇರಿದು ಕೊಂದ. ಮೈಮೇಲೆ 50ಕ್ಕೂ ಹೆಚ್ಚು ಗಾಯಗಳಿದ್ದವು. ಅವರಿಗೆ 41 ವರ್ಷ.

ಸಮಂದರ್ ಸಿಂಗನಿಗೆ ಜೀವಾವಧಿ ಶಿಕ್ಷೆಯಾಯಿತು. ಇಂದೋರ್ ಜೈಲಿನಲ್ಲಿದ್ದ. ಸ್ವಾಮಿ ಸದಾನಂದ ಎಂದು ಕರೆಸಿಕೊಳ್ಳುತ್ತಿದ್ದ ಒಬ್ಬ ಕಥೋಲಿಕ ಗುರುಗಳು ಜೈಲಿಗೆ ಹೋಗಿ ಅವನನ್ನು ಕಾಣತೊಡಗಿದರು. ರಾಣಿ ಮರಿಯಾರ ತಂಗಿ ಸೆಲ್ಮಿ ಪೌಲ್ ಕೂಡ ಅದೇ ಸಭೆಯ ಸಿಸ್ಟರ್. ಕೊಲೆಯಾದ 7 ವರ್ಷದ ನಂತರ, 2002ರ ಆಗಸ್ಟ್ ತಿಂಗಳಲ್ಲಿ, ರಕ್ಷಾಬಂಧನದ ಹೊತ್ತಿಗೆ, ಅವರು ಜೈಲಿಗೆ ಹೋಗಿ ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿದರು. ಅಣ್ಣ ಎಂದರು.

ನಾವು ಪತ್ರಿಕೋದ್ಯಮ ಓದಿದವರು, ಇಂಥ ದೃಶ್ಯ ಎಂದರೆ ಸ್ವಲ್ಪ ಅನುಮಾನ. ಫೋಟೊ ಚೆನ್ನಾಗಿ ಬರುತ್ತದೆ, ಮರುದಿನ ಎಲ್ಲರೂ ಮರೆಯುತ್ತಾರೆ. ಇಲ್ಲಿ ಹಾಗಾಗಲಿಲ್ಲ ಎಂಬುದೇ ಮುಖ್ಯ. ಅವನ ಬಿಡುಗಡೆಗೆ ರಾಣಿ ಮರಿಯಾರ ಮನೆಯವರು, ಸಭೆಯವರು ಒಪ್ಪಿಗೆ ಕೊಟ್ಟು ಬೆಂಬಲಿಸಿದರು. 2006ರಲ್ಲಿ ಅವನು ಹೊರಬಂದ. ಪುಲ್ಲುವಳಿಗೆ, ಅವರ ಮನೆಗೇ ಹೋದ. ಮುದುಕ ತಂದೆ ಅವನನ್ನು ಬರಮಾಡಿಕೊಂಡರು. ತಾಯಿ ಎಲಿಸ್ವಾ ಅವನ ಕೈಗಳಿಗೆ ಮುತ್ತಿಟ್ಟರು. ಯಾವ ಕೈ ಎಂದು ಅವರಿಗೆ ಗೊತ್ತಿತ್ತು. ಇಟಲಿಯ ಕ್ಯಾಥರೀನ್ ಮ್ಯಾಕ್‌ಗಿಲ್ವ್ರೇ ಎಂಬ ನಿರ್ದೇಶಕಿ ಇದರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರನ್ನು ಧನ್ಯೆ ಎಂದು ಘೋಷಿಸಲಾಯಿತು. ಸಂತ ಪದವಿಗೆ ಮುಂಚಿನ ಮೆಟ್ಟಿಲು ಅದು.

ಆ ಮನೆಯವರು ಸಮಂದರ್ ಸಿಂಗನಿಗೆ ಏನಾದರೂ ವಾದ ಹೇಳಿದ್ದರೆ ಅದನ್ನು ಅಲ್ಲಗಳೆಯಲು ಅವನಿಗೆ ಸಾಧ್ಯವಿತ್ತು. ಕೋರ್ಟು ಅವನಿಗೆ ತಪ್ಪಿತಸ್ಥ ಎಂದಾಗಲೇ ಹೇಳಿತ್ತು. ಅದು ಸರಿಯಾದ ತೀರ್ಪು. ಅದರಿಂದ ಅವನು ಜೈಲಿಗೆ ಹೋದ. ಮನಸ್ಸು ಮುರಿದದ್ದು ಕೈಗೆ ರಾಖಿ ಬಿದ್ದ ಮೇಲೆ. ಎರಡೂ ಬೇಕಿತ್ತು ಎಂದೇ ನಮಗನ್ನಿಸುತ್ತದೆ. 11 ವರ್ಷ ಅವನು ಜೈಲಿನಲ್ಲಿದ್ದ ಎಂಬುದನ್ನು ಬಿಟ್ಟು ಬರೀ ರಾಖಿಯ ಕತೆ ಹೇಳಿದರೆ, ನಾಳೆ ಊರಿನ ಗೌಡನೊಬ್ಬ ಬಡವನ ಮನೆ ಸುಟ್ಟು, ನೀವು ಕ್ರೈಸ್ತರಲ್ಲವೇ ಕ್ಷಮಿಸಿಬಿಡಿ ಎಂದು ಹಲ್ಲು ಕಿರಿಯುತ್ತಾನೆ. ಕ್ಷಮೆಯನ್ನು ನೊಂದವರು ಕೊಡಬೇಕು, ನೋಯಿಸಿದವರು ಕೇಳಿ ಪಡೆಯುವ ಸರ್ಕಾರಿ ಸೌಲಭ್ಯ ಅದಲ್ಲ.

ನಮ್ಮ ಊರಿನ ಲೆಕ್ಕವೂ ಅಲ್ಲೇ ನಿಂತಿದೆ. ಗುಡಿಯಲ್ಲಿ ಹೆಸರು ಓದಿದ ಹಿರಿಯರು ಇನ್ನೂ ಚಿಕ್ಕಪ್ಪನ ಹತ್ತಿರ ಹೋಗಿಲ್ಲ. ಎದುರು ಸಿಕ್ಕರೆ ಬಸ್ ಎಷ್ಟೊತ್ತಿಗೆ ಎಂದು ಕೇಳುತ್ತಾರೆ. ಅಜ್ಜಿಯ ಡಬ್ಬಿ ಅವರ ಸಾಲವನ್ನು ತೀರಿಸಲಾರದು. ಅವರು ಹೋಗಿ ಒಂದು ಮಾತು ಹೇಳಬೇಕು ಎಂದು ಅಪ್ಪ ಸ್ವಾಮಿಗಳಿಗೆ ಎರಡು ಸಲ ಹೇಳಿದ್ದಾರೆ.

ಎರಡು ವರ್ಷದ ಹಿಂದೆ ಏಪ್ರಿಲ್ ಬಿಸಿಲಲ್ಲಿ ನಮ್ಮ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತು. ಹುಳು ಮೂರನೇ ಜ್ವರ ಕಳೆದಿತ್ತು, ತೋಟದ ಸೊಪ್ಪು ಬಾಡತೊಡಗಿತ್ತು. ಮೆಕ್ಯಾನಿಕ್ಕು ನಾಲ್ಕು ದಿನ ಎಂದ. ಮರುದಿನ ಬೆಳಿಗ್ಗೆ ನೋಡಿದರೆ ಬದುವಿನ ಮೇಲಿಂದ ಒಂದು ಕರಿ ಪೈಪು ನಮ್ಮ ತೋಟಕ್ಕೆ ಇಳಿದಿತ್ತು, ನೀರು ಹರಿಯುತ್ತಿತ್ತು. ಕರೆಂಟು ಬರುವುದು ರಾತ್ರಿ ಎರಡು ಗಂಟೆಗೆ. ಆ ಹೊತ್ತಿಗೆ ಎದ್ದು ಹಾಕಿದ್ದಾರೆ. ಅಪ್ಪ ಪೈಪಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಆ ಕಡೆಯ ಮಡಿಗೂ ತಾವೇ ನೀರು ತಿರುಗಿಸಿ ಬಂದರು. ಆ ಬೆಳೆಯ ಗೂಡನ್ನು ರಾಮನಗರ ಮಾರುಕಟ್ಟೆಗೆ ಇಬ್ಬರೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ಹೋದರು. ದಾರಿಯಲ್ಲಿ ಏನು ಮಾತಾಡಿದಿರಿ ಎಂದು ಕೇಳಿದರೆ ಅಪ್ಪ, 'ಗೂಡಿನ ರೇಟು' ಎಂದರು.

ಅಜ್ಜಿಗೆ ಈಗ ಮಂಡಿ ನೋವು, ಗುಡಿಯವರೆಗೆ ನಡೆಯಲು ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಏಳೂವರೆಗೆ ಚಿಕ್ಕಪ್ಪ ತಮ್ಮ ಟಿವಿಎಸ್ ತಂದು ನಿಲ್ಲಿಸುತ್ತಾರೆ, ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಗುಡಿಯ ಗೇಟಿನವರೆಗೆ ಬಿಡುತ್ತಾರೆ. ಗೇಟಿನ ಒಳಗೆ ಬರುವುದಿಲ್ಲ. ಪೂಜೆ ಮುಗಿಯುವವರೆಗೆ ಎದುರಿನ ಹುಣಸೆ ಮರದ ಕೆಳಗೆ ಗಾಡಿಯ ಮೇಲೆ ಕೂತು ಪೇಪರು ಓದುತ್ತಾರೆ. ಹಾಡು ಶ್ರುತಿ ತಪ್ಪಿದರೆ ಹೊರಗಿನಿಂದಲೇ ಮುಖ ಸಿಂಡರಿಸುತ್ತಾರೆ ಎಂದು ಹುಡುಗರು ಹೇಳುತ್ತಾರೆ. ಒಳಗೆ ಬಾ ಎಂದು ಅಜ್ಜಿ ಒಂದು ದಿನವೂ ಕರೆದಿಲ್ಲ. ನಮ್ಮಲ್ಲಿ ಯಾರಾದರೂ ಕರೆಯಲು ಬಾಯಿ ತೆರೆದರೆ ಅಜ್ಜಿ ಕಣ್ಣಲ್ಲೇ ಗದರುತ್ತಾರೆ.